ಹಳೆಯ ಕಾರಿನ ಬಣ್ಣ

ಫೋರ್ಡ್ ಕಂಪೆನಿಯ ಮಾಡೆಲ್ ಟಿ ಎಂದೊಡನೆ ಕರಿಯ ಕಾರೇ ಕಣ್ಣಮುಂದೆ ನಿಲ್ಲುತ್ತದೆ. ಆದರೆ 1908ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆ ಜನಸಾಮಾನ್ಯರ ವಾಹನ ಮೊದಲ ವರ್ಷಗಳಲ್ಲಿ ಹಸಿರು, ಕೆಂಪು, ಬೂದು ಬಣ್ಣಗಳಲ್ಲಿ ಬರುತ್ತಿತ್ತು. ಅಗ್ಗ, ಗಟ್ಟಿ ಎಂಬ ಕಾರಣಕ್ಕೆ ಕಪ್ಪೊಂದೇ ಉಳಿದದ್ದು 1914ರಿಂದ 1925ರವರೆಗೆ ಮಾತ್ರ. ಹೀಗಿರಲು, ಹಸಿರಾಗಿದ್ದ 1910ರ ಕಾರೊಂದನ್ನು ಉಪ್ಪುಕಾಗದದಿಂದ ಉಜ್ಜಿ, ಕಪ್ಪು ಬಳಿದು, ಮೂಲ ರೂಪಕ್ಕೆ ತಂದೆನೆಂದು ಬೀಗುವವನು ಮಾಡಿದ್ದೇನು? ಕಾರಿನ ಮೈಮೇಲೆಯೇ ಇದ್ದ ದಾಖಲೆಯನ್ನು ಅಳಿಸಿದ, ಅಷ್ಟೆ. ತುಕ್ಕು ತಗಡನ್ನು ತಿನ್ನುತ್ತಿದ್ದರೆ ಮಾತು ಬೇರೆ. ಅಲ್ಲಿ ಕೆರೆದು ಬಣ್ಣ ಹಚ್ಚಲೇಬೇಕು. ಬಣ್ಣ ಬರಿದೇ ಮಂಕಾಗಿದ್ದರೆ, ಆ ಮಂಕನ್ನೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಎಣಿಕೆ. ಮನೆಯವರ ಒತ್ತಾಯಕ್ಕೆ ಕೆರೆಯಲೇಬೇಕಾಯಿತೆನ್ನಿ, ಬಾನೆಟ್ಟಿನ ಒಳಮೈಯಲ್ಲಿ ಅಂಗೈಯಗಲದ ಹಳೆಯ ಬಣ್ಣವನ್ನಾದರೂ ಮುಟ್ಟದೆ ಬಿಡಿ.