ಹೆಂಡತಿಯ ಹೆಸರಿನ ಹೈವೇ

ಜೀಪಿನಲ್ಲಿ ಡೇರೆ, ನೀರು, ಡೀಸೆಲ್ ತುಂಬಿಕೊಂಡು ಆಸ್ಟ್ರೇಲಿಯಾದ ಮರುಭೂಮಿ ಸುತ್ತುವವರು ಹಿಡಿಯುವ ದಾರಿಗಳಿಗೆ ಒಂದೇ ಮನೆಯವರ ಹೆಸರುಗಳಿವೆ: ಆನ್ ಬೀಡೆಲ್ ಹೈವೇ, ಕಾನಿ ಸ್ಯೂ ಹೈವೇ, ಗ್ಯಾರಿ ಹೈವೇ. ಸರ್ವೇಯರ್ ಲೆನ್ ಬೀಡೆಲ್ ತಮ್ಮ ಹೆಂಡತಿ, ಮಗಳು, ಮಗನ ಹೆಸರಿಟ್ಟರು. ಹೆಸರಿಗಷ್ಟೇ ಹೈವೇ, ಇರುವುದು ಕೆಮ್ಮಣ್ಣಿನ ಜಾಡು.

1955ರಿಂದ 1963ರವರೆಗೆ ಅವರ ಸಣ್ಣ ತಂಡ ಬುಲ್ಡೋಜರ್ ಹಿಡಿದು ಸುಮಾರು 6,000 ಕಿಲೋಮೀಟರ್ ದಾರಿ ಮಾಡಿತು. ಅದು ಪ್ರವಾಸಿಗರಿಗಾಗಿ ಅಲ್ಲ. ವೂಮೆರಾದಿಂದ ಬ್ರಿಟನ್ನಿನ ರಾಕೆಟ್‌ಗಳು ಹಾರುತ್ತಿದ್ದವು. ಅವು ಸಾಗುವ ನೆಲವನ್ನು ಅಳೆಯಬೇಕಿತ್ತು. ಅದಕ್ಕೂ ಮೊದಲು, 1953ರ ಅಕ್ಟೋಬರಿನಲ್ಲಿ, ಎಮು ಫೀಲ್ಡ್‌ನಲ್ಲಿ ಬ್ರಿಟನ್ ಎರಡು ಅಣುಬಾಂಬ್ ಸಿಡಿಸಿತ್ತು. ಆ ಜಾಗ ಹುಡುಕಿಕೊಟ್ಟವರೂ ಬೀಡೆಲ್ಲರೇ. ಆನ್ ಹೆಸರಿನ ದಾರಿ ಅಲ್ಲಿಂದಲೇ ಹಾಯುತ್ತದೆ.

ಮೊದಲ ಸ್ಫೋಟದ ನಂತರ ವಾಲಟಿನ್ನಾದಲ್ಲಿದ್ದ ಮೂಲನಿವಾಸಿಗಳ ಮೇಲೆ ಕಪ್ಪು ಮಂಜು ಕವಿಯಿತು. ಆಗ ಬಾಲಕರಾಗಿದ್ದ ಯಾಮಿ ಲೆಸ್ಟರ್ ಮುಂದೆ ಕಣ್ಣು ಕಳೆದುಕೊಂಡರು. ಅದಕ್ಕೆ ಆ ಮಂಜೇ ಕಾರಣವೆಂದು ಕೊನೆಯವರೆಗೂ ಹೇಳಿದರು. ಅವರಂಥವರ ಒತ್ತಾಯದಿಂದ 1984ರಲ್ಲಿ ವಿಚಾರಣಾ ಆಯೋಗ ನೇಮಕವಾಯಿತು.

ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಬಾಂಬಿಗಿಂತ ಆ ಹೆಸರುಗಳೇ. ಮಗಳ ಹೆಸರಿಡುವವನಲ್ಲಿ ಪ್ರೀತಿಯಿದೆ, ದ್ವೇಷವಿಲ್ಲ. ಆದರೆ ನೆಲ ಖಾಲಿಯಿದೆ ಎಂದು ನಂಬಿದವನಷ್ಟೇ ಅಷ್ಟು ನಿರಾಳವಾಗಿ ಹೆಸರಿಡಬಲ್ಲ. ಅಲ್ಲಿನ ಪ್ರತಿ ನೀರಿನ ಗುಂಡಿಗೂ ಅದಾಗಲೇ ಹೆಸರಿತ್ತು, ಕತೆಯಿತ್ತು.

1984ರಲ್ಲೇ ಆ ಸೀಮೆಯ ದೊಡ್ಡ ಭಾಗ ಕಾನೂನಿನ ಮೂಲಕ ಮಾರಲಿಂಗಾ ಜರುಜಾ ಜನರಿಗೆ ಮರಳಿತು. ಆನ್ ಬೀಡೆಲ್ ಹೈವೇಯಲ್ಲಿ ಡೇರೆ ಹೂಡಲು ಹೊರಟವರು ಈಗ ಅವರ ಅನುಮತಿ ಪಡೆಯಬೇಕು. ದಾರಿಯ ಹೆಸರು ಮಾತ್ರ ಬದಲಾಗಿಲ್ಲ.