ಬಿಯರ್ ಗ್ಲಾಸ್ ತೊಳೆದ ಚರಿತ್ರೆ: ಜಿಡ್ಡು, ರೋಗಾಣು, ಎಂಜಲು

ಈ ಸಂಚಿಕೆಯ ವಿಷಯ ಕೇಳಿ ಕೆಲವರು ನಗಬಹುದು: ಬಿಯರ್ ಗ್ಲಾಸ್ ತೊಳೆಯೋದರ ಇತಿಹಾಸ. ಕುಡಿಯೋದರದ್ದಲ್ಲ, ತೊಳೆಯೋದರದ್ದು. ಬಿಯರ್ ಮುಟ್ಟದವರೂ ಕೇಳಿ. ಯಾಕಂದ್ರೆ ಈ ಕಥೆ ಅರ್ಧ ದಾರಿಯಲ್ಲೇ ಬಾರ್ ಬಿಟ್ಟು ರೈಲು ಹತ್ತುತ್ತೆ, ಶಾಲೆಗೆ ಹೋಗುತ್ತೆ, ಆಮೇಲೆ ನಮ್ಮ ಕಡೆಯ ಚಹಾ ಹೋಟೆಲಿನ ಮುಂದೆ ಬಂದು ನಿಲ್ಲುತ್ತೆ.

ಶುರು ಮಾಡೋದು ನ್ಯೂಯಾರ್ಕ್‌ನಿಂದ. 1880ರ ದಶಕ. ಮನೆಯಲ್ಲಿ ಫ್ರಿಜ್ ಅನ್ನೋದೇ ಇಲ್ಲದ ಕಾಲ. ಕಾರ್ಖಾನೆ ಕೆಲಸಗಾರರಿಗೆ ಮಧ್ಯಾಹ್ನದ ಊಟಕ್ಕೆ ಬಿಯರ್ ಬೇಕು ಅಂದ್ರೆ, ಒಬ್ಬ ಹುಡುಗನ ಕೈಗೆ ತಗಡಿನ ಬಕೆಟ್ ಕೊಟ್ಟು ಹತ್ತಿರದ ಸಲೂನಿಗೆ ಓಡಿಸ್ತಿದ್ದರು. ಅಲ್ಲಿ ಸಲೂನ್ ಅಂದ್ರೆ ಕ್ಷೌರದಂಗಡಿ ಅಲ್ಲ, ಬಾರು. ಆ ಬಕೆಟ್ಟಿಗೆ ‘ಗ್ರೌಲರ್’ ಅಂತ ಹೆಸರು. ಬಡವರ ಕೇರಿಗಳ ಫೋಟೋ ತೆಗೆದು ಹೆಸರಾದ ಪತ್ರಕರ್ತ ಜೇಕಬ್ ರೀಸ್ 1890ರಲ್ಲಿ ತಂದ ಪುಸ್ತಕದಲ್ಲೂ ಈ ಗ್ರೌಲರ್ ಬರುತ್ತೆ.

ಬಿ.ಕಾಂ. ಓದಿದ ತಲೆ ನನ್ನದು, ಹಾಗಾಗಿ ಕಣ್ಣು ಹೋಗೋದು ದುಡ್ಡಿನ ಕಡೆಗೆ. ಬಕೆಟ್ ತುಂಬ ಬಿಯರ್‌ಗೆ ಇಷ್ಟು ಅಂತ ರೇಟು. ಆದ್ರೆ ನಲ್ಲಿಯಿಂದ ರಭಸವಾಗಿ ಬಿಟ್ಟರೆ ಬಕೆಟ್ಟಿನಲ್ಲಿ ಮುಕ್ಕಾಲು ಬಿಯರ್, ಮಿಕ್ಕಿದ್ದು ನೊರೆ. ನೊರೆ ಅಂದ್ರೆ ಗಾಳಿ. ಗಾಳಿಗೂ ದುಡ್ಡು ಕೊಟ್ಟಂತಾಯ್ತು. ಇದಕ್ಕೆ ಗಿರಾಕಿಗಳು ಕಂಡುಕೊಂಡ ಉಪಾಯ: ಬಕೆಟ್ಟಿನ ಒಳಗೋಡೆಗೆ ತೆಳ್ಳಗೆ ಹಂದಿ ಕೊಬ್ಬು ಸವರಿ ಕಳಿಸೋದು. ಬಿಯರ್ ಬಿದ್ದರೂ ನೊರೆ ಏಳಲ್ಲ, ಎದ್ದರೂ ನಿಲ್ಲಲ್ಲ. ಬಾರಿನವನು ಅಂಚಿನವರೆಗೆ ತುಂಬಿಸಲೇಬೇಕು.

ಆ ಜನಕ್ಕೆ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಆದ್ರೆ ಬಿಯರ್ ಗ್ಲಾಸ್ ತೊಳೆಯೋ ಶಾಸ್ತ್ರದ ಮೊದಲ ಪಾಠ ಅದೇ: ಜಿಡ್ಡು ನೊರೆಯನ್ನ ಕೊಲ್ಲುತ್ತೆ. ಬಾರ್ಲಿಯಲ್ಲಿರೋ ಪ್ರೋಟೀನು ಮತ್ತು ಹಾಪ್ಸ್ ಹೂವಿನ ಕಹಿ ಅಂಶ ಸೇರಿ ಗುಳ್ಳೆಗಳ ಸುತ್ತ ಒಂದು ಪೊರೆ ಕಟ್ಟುತ್ತವೆ. ಸೋಡಾದ ನೊರೆ ತಕ್ಷಣ ಹೋಗಿ ಬಿಯರಿನದ್ದು ನಿಲ್ಲೋದು ಈ ಪೊರೆಯಿಂದ. ಎಣ್ಣೆ, ತುಪ್ಪ, ಲಿಪ್‌ಸ್ಟಿಕ್, ಬೆರಳಿನ ಜಿಡ್ಡು, ಯಾವುದು ತಾಗಿದರೂ ಪೊರೆ ಹರಿಯುತ್ತೆ. ಕಾರ್ಮಿಕರು ಬೇಕಂತಲೇ ಮಾಡಿದ್ದನ್ನ ನಾವು ಇವತ್ತು ಗೊತ್ತಿಲ್ಲದೆ ಮಾಡ್ತೀವಿ: ಒಗ್ಗರಣೆ ಬಾಣಲೆ ತಿಕ್ಕಿದ ಸ್ಕ್ರಬ್ಬರ್‌ನಲ್ಲೇ ಗ್ಲಾಸನ್ನೂ ತಿಕ್ಕಿ.

ಬಕೆಟ್ಟಿನಿಂದ ಈಗ ಗ್ಲಾಸಿಗೆ ಬರೋಣ. ಯುರೋಪಿನಲ್ಲಿ ಸಾಮಾನ್ಯ ಜನ ಶತಮಾನಗಳ ಕಾಲ ಬಿಯರ್ ಕುಡಿದದ್ದು ಮಣ್ಣು, ಮರ, ತವರದ ಪಾತ್ರೆಗಳಲ್ಲಿ. ಒಳಗೇನಿದೆ ಅಂತ ಕಾಣದ ಪಾತ್ರೆಗಳು. ಬಿಯರೂ ಕಪ್ಪು, ಕಂದು, ಸ್ವಲ್ಪ ಬಗ್ಗಡ. 1840ರ ದಶಕದಲ್ಲಿ ಮೂರು ವರ್ಷದ ಅಂತರದಲ್ಲಿ ಎರಡು ಸಂಗತಿ ನಡೆದವು. 1842ರಲ್ಲಿ, ಈಗಿನ ಜೆಕ್ ದೇಶದ ಪಿಲ್ಸೆನ್ ಊರಲ್ಲಿ ಜೋಸೆಫ್ ಗ್ರೋಲ್ ಅನ್ನೋ ಬವೇರಿಯಾದ ಬಿಯರ್ ತಯಾರಕ ಹೊಂಬಣ್ಣದ, ತಿಳಿಯಾದ ಲಾಗರ್ ತಯಾರಿಸಿದ. 1845ರಲ್ಲಿ ಬ್ರಿಟನ್ ಸರ್ಕಾರ ಸುಮಾರು ನೂರು ವರ್ಷದಿಂದ ಗಾಜಿನ ಮೇಲೆ ಹಾಕಿದ್ದ ತೆರಿಗೆ ತೆಗೆದುಹಾಕಿತು. ಅಷ್ಟರಲ್ಲಿ ಅಚ್ಚಿನಲ್ಲಿ ಒತ್ತಿ ಗಾಜಿನ ಲೋಟ ಮಾಡೋ ಯಂತ್ರಗಳೂ ಬಂದಿದ್ದವು. ಶ್ರೀಮಂತರ ಮೇಜಿನ ಗಾಜು ಸಾಮಾನ್ಯರ ಕೈಗೆ ಬಂತು. ತಿಳಿ ಬಿಯರ್, ತಿಳಿ ಗ್ಲಾಸ್. ಇಷ್ಟು ಕಾಲ ಕತ್ತಲಲ್ಲಿದ್ದ ಕೊಳೆ ಮೊದಲ ಸಲ ಬೆಳಕಿಗೆ ಬಿತ್ತು.

ತಮಾಷೆ ಏನಂದ್ರೆ, ಬಿಯರ್ ಕಂಪನಿಗಳು ಒಳಗಿನ ಸ್ವಚ್ಛತೆಯಲ್ಲಿ ಆಗಲೇ ಬಹಳ ಮುಂದೆ ಹೋಗಿದ್ದವು. ಲೂಯಿ ಪಾಸ್ಚರ್ 1876ರಲ್ಲಿ ಬಿಯರ್ ಬಗ್ಗೆಯೇ ಒಂದು ಇಡೀ ಪುಸ್ತಕ ಬರೆದು, ಬಿಯರ್ ಕೆಡೋದು ಸೂಕ್ಷ್ಮಜೀವಿಗಳಿಂದ ಅಂತ ತೋರಿಸಿದ. 1883ರಲ್ಲಿ ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸೆನ್ ಶುದ್ಧ ಯೀಸ್ಟ್ ಬೆಳೆಸಿದ. ಪೀಪಾಯಿ ಒಳಗೆ ಇಷ್ಟೆಲ್ಲ ವಿಜ್ಞಾನ. ಅದೇ ಬಿಯರ್ ಬಾರಿನ ಕಟ್ಟೆಗೆ ಬಂದಾಗ? ಒಂದು ತೊಟ್ಟಿ ನೀರಲ್ಲಿ ಗ್ಲಾಸ್ ಅದ್ದಿ, ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ಒರೆಸಿ, ಮುಂದಿನವನಿಗೆ. ಸಂಜೆವರೆಗೂ ಅದೇ ನೀರು, ಅದೇ ಬಟ್ಟೆ.

ಇದು ಬದಲಾಗಿದ್ದು ಬಿಯರಿನಿಂದ ಅಲ್ಲ, ನೀರಿನಿಂದ. ಆಗಿನ ಅಮೆರಿಕದ ರೈಲು, ಶಾಲೆ, ಸ್ಟೇಷನ್ನುಗಳಲ್ಲಿ ನೀರಿನ ಪೀಪಾಯಿಗೆ ಸರಪಳಿ ಹಾಕಿ ಒಂದು ಲೋಟ ತೂಗುಬಿಟ್ಟಿರುತ್ತಿದ್ದರು. ನಮ್ಮಲ್ಲಿ ಅರವಟ್ಟಿಗೆಯ ಲೋಟಕ್ಕೆ ಚೈನ್ ಹಾಕ್ತಾರಲ್ಲ, ಹಾಗೆ. ಎಲ್ಲರ ಬಾಯಿಗೂ ಅದೊಂದೇ. ಕ್ಷಯದ ರೋಗಾಣುವನ್ನ ರಾಬರ್ಟ್ ಕಾಕ್ ಕಂಡುಹಿಡಿದದ್ದು 1882ರಲ್ಲಿ. ಆದ್ರೂ ಕಾಲು ಶತಮಾನ ಆ ಲೋಟ ತೂಗಾಡ್ತಾನೇ ಇತ್ತು. ಕ್ಯಾನ್ಸಸ್ ರಾಜ್ಯದ ಆರೋಗ್ಯ ಮಂಡಳಿಯಲ್ಲಿದ್ದ ಡಾಕ್ಟರ್ ಸ್ಯಾಮ್ಯುಯೆಲ್ ಕ್ರಂಬೈನ್ ರೈಲಿನಲ್ಲಿ ಕ್ಷಯರೋಗಿಗಳು ಕುಡಿದಿಟ್ಟ ಲೋಟದಲ್ಲೇ ಮಗುವೊಂದು ನೀರು ಕುಡಿಯೋದನ್ನ ನೋಡಿದರು. 1909ರಲ್ಲಿ ಕ್ಯಾನ್ಸಸ್ ರೈಲು ಮತ್ತು ಶಾಲೆಗಳಲ್ಲಿ ಸಾರ್ವಜನಿಕ ಲೋಟವನ್ನ ನಿಷೇಧಿಸಿತು. ಒಂದು ವರ್ಷ ಮುಂಚೆ, 1908ರಲ್ಲಿ, ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜಿನ ಪ್ರೊಫೆಸರ್ ಆಲ್ವಿನ್ ಡೇವಿಸನ್ ಶಾಲೆಯೊಂದರ ಲೋಟವನ್ನ ಮೈಕ್ರೋಸ್ಕೋಪಿನ ಕೆಳಗೆ ಇಟ್ಟು, ಅಂಚಿಗೆ ಅಂಟಿದ್ದ ಬಾಯಿಯ ಜೀವಕೋಶ, ಬ್ಯಾಕ್ಟೀರಿಯಾಗಳ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದರು. ಓದಿದ ತಾಯಂದಿರು ಬೆಚ್ಚಿಬಿದ್ದರು. 1912ರಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹೋಗೋ ಎಲ್ಲ ರೈಲಿಗೂ ನಿಷೇಧ ಬಂತು.

ಈ ಕ್ರಂಬೈನ್ ಡಾಕ್ಟರಿಕೆ ಮಾಡಿದ್ದು ಕೌಬಾಯ್ ಸಿನಿಮಾಗಳ ಡಾಡ್ಜ್ ಸಿಟಿಯಲ್ಲಿ. ಕ್ಯಾನ್ಸಸ್‌ನಲ್ಲಿ ಪಾನನಿಷೇಧ 1881ರಿಂದಲೇ ಇತ್ತು. ಅಂದ್ರೆ ಕಾನೂನಿನ ಪ್ರಕಾರ ಬಿಯರ್ ಗ್ಲಾಸೇ ಇಲ್ಲದ ರಾಜ್ಯದಿಂದ ಜಗತ್ತಿನ ಬಾರುಗಳಿಗೆ ಗ್ಲಾಸ್ ತೊಳೆಯೋ ಪಾಠ ಹೊರಟಿತು.

ಅಂಜಿಕೆ ಇದ್ದಲ್ಲಿ ಮಾರುಕಟ್ಟೆ ಇರುತ್ತೆ. ಬಾಸ್ಟನ್‌ನ ಲಾರೆನ್ಸ್ ಲುಯೆಲೆನ್ ಕಾಗದದ ಕಪ್ ಮಾಡಿದರು. ಹ್ಯೂ ಮೂರ್ ಜೊತೆ ಸೇರಿ ಅದನ್ನ ‘ಹೆಲ್ತ್ ಕಪ್’ ಅಂತ ಮಾರಿದರು. 1919ರಲ್ಲಿ ಅದು ‘ಡಿಕ್ಸಿ ಕಪ್’ ಆಯ್ತು. ಬಾರುಗಳು ಕಾಗದಕ್ಕೆ ಒಪ್ಪಲಿಲ್ಲ, ಗಾಜು ಬಿಡಲಿಲ್ಲ. ಅವು ಕ್ರಮೇಣ ಮೂರು ತೊಟ್ಟಿ ಪದ್ಧತಿಗೆ ಬಂದವು: ಒಂದರಲ್ಲಿ ತೊಳೆಯೋದು, ಒಂದರಲ್ಲಿ ಜಾಲಿಸೋದು, ಮೂರನೆಯದರಲ್ಲಿ ಕ್ಲೋರಿನ್ ಅಥವಾ ಅಯೋಡಿನ್ ನೀರಲ್ಲಿ ರೋಗಾಣು ಕೊಲ್ಲೋದು.

ಒಂದು ಮಾತು ಹೇಳಲೇಬೇಕು. ಕ್ಷಯ ಮುಖ್ಯವಾಗಿ ಹರಡೋದು ಗಾಳಿಯಿಂದ, ಲೋಟದಿಂದ ಅಲ್ಲ. ಕ್ರಂಬೈನ್ ಮಾಡಿದ್ದು ಸರಿ, ಮುಂದಿಟ್ಟ ಕಾರಣ ಪೂರ್ತಿ ಸರಿಯಲ್ಲ. ಎಂಜಲಿನಿಂದ ಹರಡೋ ಬೇರೆ ಕಾಯಿಲೆಗಳು ಬೇಕಾದಷ್ಟಿದ್ದವು, ಹಾಗಾಗಿ ನಿಷೇಧ ವ್ಯರ್ಥ ಆಗಲಿಲ್ಲ. ಆದ್ರೆ ರೋಗದ ಭಯ ಯಾವಾಗಲೂ ರೋಗದ ಮೇಲೆ ಮಾತ್ರ ನಿಲ್ಲಲ್ಲ. ಜಾರಿ ಮನುಷ್ಯರ ಮೇಲೆ ಹೋಗುತ್ತೆ. ಅದೇ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರಿಗೆ ಬೇರೆ ನಲ್ಲಿ, ಬಿಳಿಯರಿಗೆ ಬೇರೆ ನಲ್ಲಿ ಇತ್ತು. ಅಲ್ಲಿ ನಲ್ಲಿಯನ್ನ ಯಾವ ಕ್ಲೋರಿನ್ ಹಾಕಿ ತೊಳೆದರೂ ಬೋರ್ಡು ಹೋಗ್ತಿರಲಿಲ್ಲ.

ನಮಗೆ ಇದು ಹೊಸದಲ್ಲ. ಲೋಟ ತುಟಿಗೆ ತಾಗಿಸದೆ ಎತ್ತಿ ಕುಡಿಯೋದನ್ನ ಚಿಕ್ಕಂದಿನಲ್ಲೇ ಕಲಿಸ್ತಾರೆ. ಇದನ್ನ ‘ನಮ್ಮ ಹಿರಿಯರಿಗೆ ಆಗಲೇ ವಿಜ್ಞಾನ ಗೊತ್ತಿತ್ತು’ ಅಂತ ಹಂಚಿಕೊಳ್ಳೋ ವಾಟ್ಸಾಪ್ ಸಂದೇಶ ನಿಮಗೂ ಬಂದಿರುತ್ತೆ. ಎತ್ತಿ ಕುಡಿದರೆ ಎಂಜಲು ಹರಡಲ್ಲ, ನಿಜ. ಆದ್ರೆ ಎಂಜಲು, ಮಡಿ, ಮೈಲಿಗೆ ಅನ್ನೋ ಲೆಕ್ಕ ರೋಗಾಣುವಿನ ಲೆಕ್ಕ ಅಲ್ಲ. ರೋಗಾಣುವಿನ ಲೆಕ್ಕವಾಗಿದ್ದರೆ ಚಹಾ ಹೋಟೆಲುಗಳಲ್ಲಿ ಎರಡು ಲೋಟ ಯಾಕೆ ಇರ್ತಿತ್ತು? ದಲಿತರ ಲೋಟ ಹೊರಗೆ, ಬೇರೆ ಕಡೆ. ಕುಡಿದವರೇ ಅದನ್ನ ತೊಳೆದಿಡಬೇಕು. ಅಂದ್ರೆ ತೊಳೆದ ಮೇಲೂ ಅದು ‘ಅವರ’ ಲೋಟವೇ. ಬಿಸಿನೀರು, ಸೋಪು, ಬೂದಿ, ಹುಣಸೆಹಣ್ಣು ಯಾವುದಕ್ಕೂ ಬಗ್ಗದ ಕೊಳೆ ಅದು, ಯಾಕಂದ್ರೆ ಅದು ಲೋಟದ ಮೇಲೆ ಇರಲೇ ಇಲ್ಲ.

ನಮ್ಮ ಕಾನೂನು ಇದನ್ನ ಎಷ್ಟು ಸ್ಪಷ್ಟವಾಗಿ ಕಂಡಿತ್ತು ನೋಡಿ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ ರದ್ದು ಮಾಡಿತು. ಅದರ ಬೆನ್ನಿಗೆ ಬಂದ 1955ರ ಕಾಯ್ದೆ ಹೋಟೆಲಿನ ಒಳಗೆ ಬಿಡದಿರೋದು ಅಪರಾಧ ಅಂದು ಸುಮ್ಮನಾಗಲಿಲ್ಲ. ಹೋಟೆಲಿನಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನ ಬಳಸಲು ಬಿಡದಿರೋದನ್ನೂ ಹೆಸರಿಟ್ಟು ಅಪರಾಧ ಅಂತ ಬರೆಯಿತು. ಒಂದು ದೇಶದ ಕಾನೂನಿನಲ್ಲಿ ಲೋಟ, ತಟ್ಟೆಯ ಮಾತು ಬರಬೇಕಾಯ್ತು. ಆಮೇಲೂ ದಕ್ಷಿಣ ಭಾರತದ ಹಳ್ಳಿಗಳಿಂದ ಬಂದ ವರದಿಗಳಲ್ಲಿ ಕೆಲವರಿಗೆ ಸ್ಟೀಲ್ ಲೋಟ, ಕೆಲವರಿಗೆ ಬಿಸಾಡೋ ಕಪ್ ಅನ್ನೋದು ಕಾಣಿಸಿತು. ಕ್ಯಾನ್ಸಸ್‌ನಲ್ಲಿ ಮಗುವನ್ನ ಕಾಪಾಡೋಕೆ ಬಂದ ವಸ್ತು ಇಲ್ಲಿ ಎರಡನೇ ಲೋಟದ ಕೆಲಸ ಮಾಡ್ತು.

ಹಾಗಾಗಿ ‘ಗ್ಲಾಸ್ ಕ್ಲೀನ್ ಇದೆಯಾ’ ಅಂತ ಕೇಳಿದಾಗ ಯಾವ ಕ್ಲೀನ್ ಅಂತ ನಾನು ತಿರುಗಿ ಕೇಳ್ತೀನಿ. ಮನೆಯಲ್ಲಿ ನಮಗೆ ಬೇಕಾದದ್ದು ಮೊದಲ ಎರಡು ಮಾತ್ರ.

ಮೊದಲು ಜಿಡ್ಡು. ಸೋಪು ಮಾಡೋದೇ ಕೊಬ್ಬಿನಿಂದ. ಬೆಂಗಳೂರಿನ ಬೋರ್‌ವೆಲ್ ನೀರಿನಂಥ ಗಡಸು ನೀರಲ್ಲಿ ಅದು ಸುಣ್ಣದಂಶದ ಜೊತೆ ಸೇರಿ ಗಾಜಿಗೆ ಬಿಳಿ ಪದರವಾಗಿ ಅಂಟುತ್ತೆ. ಅದಕ್ಕೇ ಪಾತ್ರೆ ಸೋಪಿನ ಬಿಲ್ಲೆ ಬೇಡ, ವಾಸನೆ ಕಡಿಮೆ ಇರೋ ಲಿಕ್ವಿಡ್ ಒಂದೆರಡು ಹನಿ ಸಾಕು. ಸ್ಕ್ರಬ್ಬರ್ ಬೇರೆಯೇ ಇರಲಿ, ಅದನ್ನ ಸಾಂಬಾರ್ ಪಾತ್ರೆಗೆ ಮುಟ್ಟಿಸಬೇಡಿ. ಲಿಕ್ವಿಡ್ ಇಲ್ಲದಿದ್ದರೆ ಅಡುಗೆ ಸೋಡಾ ಆಗುತ್ತೆ. ನಮ್ಮಜ್ಜಿಯರ ಬೂದಿಯೂ ಕ್ಷಾರವೇ, ಆದ್ರೆ ಗಾಜಿಗೆ ಗೀರು ಬೀಳುತ್ತೆ. ಬಿಳಿ ಕಲೆ ಉಳಿದರೆ ವಿನಿಗರ್ ಅಥವಾ ನಿಂಬೆರಸ. ಆಮೇಲೆ ಚೆನ್ನಾಗಿ ಜಾಲಿಸಿ. ಉಳಿದ ಸೋಪಿನ ಪಸೆಯೂ ನೊರೆಗೆ ಶತ್ರು.

ಇನ್ನು ರೋಗಾಣು. ಆರೋಗ್ಯವಂತರ ಮನೆಯಲ್ಲಿ ಪ್ರತಿದಿನ ಸ್ಯಾನಿಟೈಸ್ ಮಾಡೋದು ಅತಿ ಅಂತ ನನ್ನ ಅಭಿಪ್ರಾಯ. ಯಾರಿಗಾದರೂ ಹುಷಾರಿಲ್ಲ, ಪಾರ್ಟಿಗೆ ಜನ ಬಂದಿದ್ದಾರೆ, ಗ್ಲಾಸ್ ತಿಂಗಳುಗಟ್ಟಲೆ ಅಟ್ಟದ ಮೇಲಿತ್ತು, ಆಗ ಮಾಡಿ. ಗ್ಲಾಸ್ ಬಿಸಿ ತಡೆಯೋದಾದರೆ 77 ಡಿಗ್ರಿ ಸೆಲ್ಸಿಯಸ್ ನೀರಲ್ಲಿ 30 ಸೆಕೆಂಡ್. ತಣ್ಣನೆ ಗ್ಲಾಸಿಗೆ ಒಮ್ಮೆಲೇ ಸುರಿದರೆ ಸೀಳುತ್ತೆ, ಹದವಾಗಿ ಬಿಸಿ ಮಾಡಿಕೊಳ್ಳಿ. ಇಲ್ಲವೇ ವಾಸನೆ ಸೇರಿಸದ ಸಾದಾ ಬ್ಲೀಚ್: ಬಾಟಲಿ ಮೇಲೆ 5 ಪರ್ಸೆಂಟ್ ಅಂತಿದ್ದರೆ ಒಂದು ಲೀಟರ್ ನೀರಿಗೆ 2 ಮಿಲಿಲೀಟರ್, ಒಂದು ನಿಮಿಷ. ತೊಳೆಯದ ಗ್ಲಾಸನ್ನ ಇದರಲ್ಲಿ ಅದ್ದಬೇಡಿ, ಕೊಳೆಯೇ ಕ್ಲೋರಿನ್ನನ್ನ ತಿಂದುಹಾಕುತ್ತೆ. ಬ್ಲೀಚಿಗೆ ವಿನಿಗರ್, ನಿಂಬೆ, ಟಾಯ್ಲೆಟ್ ಕ್ಲೀನರ್ ಯಾವುದೂ ತಾಗಬಾರದು. ವಿಷಗಾಳಿ ಏಳುತ್ತೆ. ಇದು ತಮಾಷೆ ಅಲ್ಲ.

ಕೊನೆಯ ಕೆಲಸದಲ್ಲಿ ಬಹಳ ಜನ ಎಡವೋದು: ಒರೆಸೋದು. ಅಡುಗೆಮನೆ ಬಟ್ಟೆಯಲ್ಲಿ ಜಿಡ್ಡು, ನೂಲು, ವಾಸನೆ ಎಲ್ಲಾ ಇರುತ್ತೆ. ಗಾಳಿ ಆಡೋ ಜಾಲಿ ಸ್ಟ್ಯಾಂಡ್ ಮೇಲೆ ಬೋರಲು ಹಾಕಿ ಬಿಡಿ. ಫ್ರೀಜರ್‌ನಲ್ಲಿ ಇಡಬೇಡಿ, ಮೀನಿನ ವಾಸನೆ ಹಿಡಿಯುತ್ತೆ.

ಕ್ಲೀನ್ ಆಯ್ತಾ ಅಂತ ನೋಡೋಕೆ ಗ್ಲಾಸನ್ನ ಒಳಗೆ ಒದ್ದೆ ಮಾಡಿ ಚಿಟಿಕೆ ಪುಡಿ ಉಪ್ಪು ಉದುರಿಸಿ. ಉಪ್ಪು ಎಲ್ಲ ಕಡೆ ಸಮವಾಗಿ ಅಂಟಿದರೆ ಸರಿ. ಎಲ್ಲಿ ಅಂಟಲಿಲ್ಲವೋ ಅಲ್ಲಿ ಜಿಡ್ಡಿದೆ. ಬಿಯರ್ ಸುರಿದ ಮೇಲೂ ಗೊತ್ತಾಗುತ್ತೆ: ಗೋಡೆಗೆ ಗುಳ್ಳೆಗಳು ಗುಂಪಾಗಿ ಕಚ್ಚಿಕೊಂಡಿದ್ದರೆ ಆ ಜಾಗ ಕೊಳಕು. ಚೊಕ್ಕ ಗ್ಲಾಸಿನಲ್ಲಿ ಒಂದೊಂದು ಗುಟುಕಿಗೂ ನೊರೆ ಒಂದೊಂದು ಬಳೆ ಬಿಟ್ಟು ಕೆಳಗೆ ಇಳಿಯುತ್ತೆ. ಎಷ್ಟು ಗುಟುಕು ಕುಡಿದಿರಿ ಅಂತ ಎಣಿಸಬಹುದು.