ರಾಯರ ಕೆರೆಯ ಏರಿಯ ಮೇಲೆ ರಾಜ್ಯಶಕ್ತಿ

ರಾಜ್ಯವೆಂಬುದು ಆಳುವ ವರ್ಗದ ಕೈಯಲ್ಲಿರುವ ದಂಡವೆಂದು ಮಾರ್ಕ್ಸ್ ಮತ್ತು ಎಂಗೆಲ್ಸ್ ವಿವರಿಸಿದರು. ಇಟಲಿಯ ಅಂಟೋನಿಯೊ ಗ್ರಾಂಶಿ ಈ ವಿಚಾರವನ್ನು ಮುಂದಕ್ಕೆ ಬೆಳೆಸಿದನು. 1926ರಲ್ಲಿ ಮುಸೊಲಿನಿಯ ಸರ್ಕಾರ ಅವನನ್ನು ಬಂಧಿಸಿತು. ಸೆರೆಮನೆಯ ಟಿಪ್ಪಣಿಗಳಲ್ಲಿ ಅವನನ್ನು ಕಾಡಿದ ಪ್ರಶ್ನೆ ಇದು: ಆಳಿಸಿಕೊಳ್ಳುವವರು ಆಳುವವರನ್ನು ಒಪ್ಪುವುದೇಕೆ? ದಂಡದ ಜೊತೆಗೆ ಸಮ್ಮತಿಯೂ ಕೂಡಿದಾಗಲೇ ಅಧಿಕಾರ ನೆಲೆಗೊಳ್ಳುತ್ತದೆ. ಆ ಸಮ್ಮತಿಯನ್ನು ಗಳಿಸುವ ಬಗೆಯೇ ಯಜಮಾನಿಕೆ. ಬಿಕ್ಕಟ್ಟಿನಲ್ಲಿ ಸಮ್ಮತಿ ಸಡಿಲಗೊಂಡರೆ ದಂಡ ಬಯಲಿಗೆ ಬರುತ್ತದೆ.

ಗ್ರಾಂಶಿ ಬರೆದುದು ಆಧುನಿಕ ಬಂಡವಾಳಶಾಹಿ ಸಮಾಜವನ್ನು ಕುರಿತು. ಅವನ ಸೂತ್ರವನ್ನು ಹಂಪಿಯ ಅರಸೊತ್ತಿಗೆಗೆ ಇಡಿಯಾಗಿ ಹೊಂದಿಸುವುದು ಸರಿಯಾಗದು. ಆದರೆ ಅವನ ಪ್ರಶ್ನೆಯನ್ನು ಜೊತೆಗಿಟ್ಟುಕೊಂಡು ನಾವು ಹೊಸಪೇಟೆಯಿಂದ ಸಂಡೂರಿನ ಬೆಟ್ಟಗಳ ಕಡೆಗೆ ಹೊರಡಬಹುದು. ಅಲ್ಲಿ ಎರಡು ಗುಡ್ಡಗಳ ನಡುವೆ ರಾಯರ ಕೆರೆಯ ಏರಿ ಇದೆ.

ಕೃಷ್ಣದೇವರಾಯನು ಕಟ್ಟಿಸಿದ ನಾಗಲಾಪುರವೇ ಇಂದಿನ ಹೊಸಪೇಟೆ. ಹೊಸ ಊರಿಗೆ ನೀರು ಬೇಕಾಯಿತು. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಒಂದು ಕೆರೆಯ ಕೆಲಸವನ್ನು ಕಣ್ಣಾರೆ ಕಂಡನು. ಅದನ್ನು ವಿದ್ವಾಂಸರು ಈ ಕೆರೆಯೆಂದೇ ಗುರುತಿಸುತ್ತಾರೆ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ದುಡಿಯುತ್ತಿದ್ದರು. ಅರಸನು ಕೆಲಸವನ್ನು ನಾಯಕರಿಗೆ ಹಂಚಿಕೊಟ್ಟಿದ್ದನು. ಆದರೂ ಏರಿ ಎರಡು ಮೂರು ಬಾರಿ ಒಡೆಯಿತು. ದೇವರು ರಕ್ತಬಲಿ ಬೇಡುತ್ತಾನೆಂದು ಅರ್ಚಕರು ತಿಳಿಸಲು, ಅರಸನು ಅರವತ್ತು ಜನರ ತಲೆ ಕಡಿಸಿ, ಕುದುರೆ ಕೋಣಗಳನ್ನೂ ಬಲಿ ಕೊಡಿಸಿದನೆಂದು ಪಾಯೆಸ್ ಬರೆದಿದ್ದಾನೆ. ಅವನ ಅನಂತರ ಬಂದ ನೂನಿಜ್, ಬಲಿಯಾದವರು ಮರಣದಂಡನೆಗೆ ಅರ್ಹರಾದ ಸೆರೆಯಾಳುಗಳೆನ್ನುತ್ತಾನೆ. ಕೊಲೆಗೆ ಒಂದು ನ್ಯಾಯವೂ ಜೊತೆಗೂಡಿದುದನ್ನು ಇಲ್ಲಿ ಗಮನಿಸಬೇಕು.

ಇದು ದಂಡದ ಮುಖ. ಸಮ್ಮತಿಯ ಮುಖವನ್ನೂ ನೂನಿಜನೇ ತೋರಿಸುತ್ತಾನೆ. ಕೆರೆಯ ಕೆಳಗಿನ ಭೂಮಿಯನ್ನು ಅರಸನು ಒಂಬತ್ತು ವರ್ಷ ತೆರಿಗೆಯಿಲ್ಲದೆ ಜನರಿಗೆ ಬಿಟ್ಟುಕೊಟ್ಟನು. ಮುಂದೆ ಅದರ ಹುಟ್ಟುವಳಿ 20,000 ವರಾಹಗಳಿಗೆ ಏರಿತು. ನೀರುಂಡ ಗದ್ದೆಯ ರೈತನಿಗೆ ಅರಸನ ಹಿತ ತನ್ನ ಹಿತವೆಂದೇ ತೋರಿರಬೇಕು. ಯಜಮಾನಿಕೆಯ ಬಲ ಇರುವುದು ಇಲ್ಲಿ: ಅದು ಬರಿಯ ಮಾಯೆಯಲ್ಲ, ಕೊಂಚ ನಿಜವಾದ ಅನ್ನವನ್ನೂ ಕೊಡುತ್ತದೆ.

1565ರ ಸೋಲಿನ ಬಳಿಕ ತಿರುಮಲರಾಯನು ಪೆನುಗೊಂಡೆಗೆ ಸರಿದನು, ಹಂಪಿಯ ಮಹಾನವಮಿ ದಿಬ್ಬ ಬರಿದಾಯಿತು. ಆದರೆ ಉತ್ಸವ ಸಾಯಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಅದನ್ನು ಕೈಗೆತ್ತಿಕೊಂಡರು. ಕತ್ತಿ ಮುರಿದರೂ ಸಮ್ಮತಿಯ ರೂಪಗಳು ಹೊಸ ಒಡೆಯರನ್ನು ಹುಡುಕಿಕೊಳ್ಳುತ್ತವೆ.

ಕೆರೆ ಕಟ್ಟಿಸಿದ ಅರಸನ ಹೆಸರು ಉಳಿದಿದೆ. ನೆರವಿಗೆ ಬಂದ ಪೋರ್ಚುಗೀಸ್ ಶಿಲ್ಪಿಯ ಹೆಸರನ್ನು ನೂನಿಜ್ ಉಳಿಸಿದನು. ಏರಿಗೆ ತಲೆ ಕೊಟ್ಟವರಲ್ಲಿ ನಮಗೆ ಉಳಿದುದು ಅರವತ್ತು ಎಂಬ ಸಂಖ್ಯೆ ಮಾತ್ರ.